ಹೌದು–ಇಲ್ಲ ಕಾಲಂಗಳನ್ನು ರಿಗ್ರೆಷನ್‌ಗೆ ಹಾಕುವಾಗ ನಾನು ನೋಡಿಕೊಳ್ಳುವುದು

ಬರೀ ಎರಡೇ ಬೆಲೆ ಇರುವ ಕಾಲಂ ನಾರ್ಮಲ್ (ಗಂಟೆಯಾಕಾರದ) ಹಂಚಿಕೆಯಲ್ಲಿ ಇರುವುದಿಲ್ಲವಲ್ಲ, ಅದನ್ನು ಲೀನಿಯರ್ ರಿಗ್ರೆಷನ್‌ಗೆ (ಬೇರೆ ಕಾಲಂಗಳಿಂದ ಒಂದು ಫಲಿತಾಂಶವನ್ನು ಸರಳ ರೇಖೆಯ ಸಮೀಕರಣದಲ್ಲಿ ಅಂದಾಜಿಸುವ ವಿಧಾನ) ಹಾಕಬಹುದೇ ಎಂದು ಕೇಳುವವರು ಬಹಳ. ಧಾರಾಳವಾಗಿ ಹಾಕಬಹುದು. ನಾರ್ಮಲ್ ಎಂಬ ಷರತ್ತು ಇರುವುದು ರೆಸಿಡ್ಯುಯಲ್‌ಗಳಿಗೆ, ಅಂದರೆ ನಿಜ ಬೆಲೆಗೂ ಅಂದಾಜಿಗೂ ಇರುವ ವ್ಯತ್ಯಾಸಗಳಿಗೆ; ಅಂದಾಜಿಸಲು ಬಳಸುವ ಕಾಲಂಗಳಾದ ಪ್ರಿಡಿಕ್ಟರ್‌ಗಳಿಗಲ್ಲ. ಫಲಿತಾಂಶವೇ ಹೌದು–ಇಲ್ಲ ಆಗಿದ್ದರೆ ಮಾತು ಬೇರೆ; ಅಲ್ಲಿ ಸಾಮಾನ್ಯವಾಗಿ ‘ಹೌದು’ ಎಂಬುದರ ಸಂಭವನೀಯತೆಯನ್ನು ಅಂದಾಜಿಸುವ ಲಾಜಿಸ್ಟಿಕ್ ರಿಗ್ರೆಷನ್ ಬಳಸುತ್ತಾರೆ.

ನಾನು ಇಲ್ಲ ಎಂಬುದಕ್ಕೆ 0, ಹೌದು ಎಂಬುದಕ್ಕೆ 1 ಕೊಡುತ್ತೇನೆ. ಕಾಲಂಗೆ ‘ಲಿಂಗ’ ಎಂದು ಹೆಸರಿಡುವ ಬದಲು ‘ಮಹಿಳೆ’ ಎಂದೇ ಇಡುತ್ತೇನೆ, 1 ಯಾರು ಎಂಬ ಗೊಂದಲವೇ ಬರುವುದಿಲ್ಲ. ಟ್ಯೂಷನ್ ಇಲ್ಲದವರ ಅಂಕ 52, 58, 61. ಇದ್ದವರದು 66, 70, 74 ಎಂದುಕೊಳ್ಳಿ. ಇಂಟರ್‌ಸೆಪ್ಟ್ (ಕಾಲಂ 0 ಇದ್ದಾಗಿನ ಅಂದಾಜು) 57 ಬರುತ್ತದೆ, ಅದು ಮೊದಲ ಗುಂಪಿನ ಸರಾಸರಿ. ಗುಣಾಂಕ (ಕಾಲಂ 1ರಷ್ಟು ಹೆಚ್ಚಾದರೆ ಅಂದಾಜು ಎಷ್ಟು ಬದಲಾಗುತ್ತದೆ ಎಂಬುದು) 13, ಎರಡು ಸರಾಸರಿಗಳ ಅಂತರ. ಅದರ ಪಿ ಬೆಲೆ (ನಿಜಕ್ಕೂ ಅಂತರವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ), ಎರಡು ಗುಂಪುಗಳ ವೇರಿಯನ್ಸ್ (ಹರಡುವಿಕೆ) ಸಮಾನ ಎಂದು ಹಿಡಿದು ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆಯದ್ದೇ. ಅದೇ ಡೇಟಾಗೆ 1 ಮತ್ತು 2 ಎಂದು ಕೋಡ್ ಮಾಡಿದರೆ ಗುಣಾಂಕ 13 ಆಗಿಯೇ ಉಳಿದು ಇಂಟರ್‌ಸೆಪ್ಟ್ 44ಕ್ಕೆ ಇಳಿಯುತ್ತದೆ; ಆ 44 ಯಾರ ಅಂಕವೂ ಅಲ್ಲ. −1, +1 ಕೊಟ್ಟರೆ ಗುಣಾಂಕ 6.5, ಅಂದರೆ ಅಂತರದ ಅರ್ಧ. ಬೇರೆಯವರ ಫಲಿತಾಂಶ ಓದುವ ಮುನ್ನ ಕೋಡಿಂಗ್ ಏನೆಂದು ನೋಡುವುದು ಇದಕ್ಕೇ.

‘ಹೌದು’, ‘ಇಲ್ಲ’ ಎರಡಕ್ಕೂ ಕಾಲಂ ಮಾಡಿ ಇಂಟರ್‌ಸೆಪ್ಟನ್ನೂ ಉಳಿಸಿಕೊಳ್ಳಬಾರದು. ಎರಡರ ಮೊತ್ತ ಎಲ್ಲ ಸಾಲಲ್ಲೂ 1, ಅದೇ ಇಂಟರ್‌ಸೆಪ್ಟ್ ಕಾಲಂ; ಹಾಗಾಗಿ ಮೂರನ್ನೂ ಬೇರ್ಪಡಿಸಿ ಅಂದಾಜಿಸಲಾಗದು. ಆರ್ ಎಂಬ ಸಾಫ್ಟ್‌ವೇರ್ ಒಂದು ಗುಣಾಂಕಕ್ಕೆ ಎನ್‌ಎ (ಲಭ್ಯವಿಲ್ಲ) ಎಂದು ತೋರಿಸಿಬಿಡುತ್ತದೆ. ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್ ಲೈಬ್ರರಿ ಮಾತ್ರ ಸಂಖ್ಯೆಗಳನ್ನು ಕೊಟ್ಟು, ಎಚ್ಚರಿಕೆಯನ್ನು ಕೆಳಗಿನ ಟಿಪ್ಪಣಿಯಲ್ಲಿ ಹಾಕುತ್ತದೆ, ಅದು ಸುಲಭವಾಗಿ ಕಣ್ತಪ್ಪುತ್ತದೆ. ಖಾಲಿ ಬಿಟ್ಟ ಉತ್ತರವನ್ನು 0 ಎಂದು ತುಂಬುವುದು ಇನ್ನೂ ಕೆಟ್ಟದ್ದು: ಗೊತ್ತಿಲ್ಲದವರೆಲ್ಲ ‘ಇಲ್ಲ’ ಗುಂಪಿಗೆ ಸೇರಿ ಅಂತರವನ್ನೇ ಕೆಡಿಸುತ್ತಾರೆ.

ಹೆಚ್ಚು ಜನ ಎಡವುವುದು ಇಂಟರಾಕ್ಷನ್‌ನಲ್ಲಿ, ಅಂದರೆ ಒಂದು ಕಾಲಂನ ಪರಿಣಾಮ ಇನ್ನೊಂದರ ಬೆಲೆಯನ್ನು ಅವಲಂಬಿಸಿದಾಗ. ಓದಿದ ಗಂಟೆಗಳನ್ನೂ ಸೇರಿಸಿದಾಗ ಬಂದ ಸಮೀಕರಣ ಹೀಗಿರಲಿ:

ಅಂಕ = 40 + 3 × ಗಂಟೆ + 10 × ಟ್ಯೂಷನ್ − 1 × ಗಂಟೆ × ಟ್ಯೂಷನ್

ಇಲ್ಲಿ ‘ಟ್ಯೂಷನ್‌ನಿಂದ 10 ಅಂಕ ಹೆಚ್ಚು’ ಎಂದು ಬರೆದರೆ ತಪ್ಪು. ಆ 10 ಸೊನ್ನೆ ಗಂಟೆ ಓದಿದವರ ನಡುವಿನ ಅಂತರ ಮಾತ್ರ. ಆರು ಗಂಟೆ ಓದಿದವರಲ್ಲಿ ಆ ಅಂತರ 10 − 6, ಅಂದರೆ 4. ಡೇಟಾದಲ್ಲಿ ಸೊನ್ನೆ ಗಂಟೆಯವರೇ ಇಲ್ಲದಿದ್ದರೆ ಆ 10ಕ್ಕೆ ಆಧಾರವೂ ಇಲ್ಲ. ಅದಕ್ಕೇ ಗಂಟೆಯಿಂದ ಅದರ ಸರಾಸರಿಯನ್ನು ಕಳೆದು ಮಾಡೆಲ್ ಕೂರಿಸುತ್ತೇನೆ. ಸರಾಸರಿ 6 ಆಗಿದ್ದರೆ ಟ್ಯೂಷನ್ ಗುಣಾಂಕ ನೇರವಾಗಿ 4 ಎಂದೇ ಬರುತ್ತದೆ. ಮಾಡೆಲ್ ಅಂದಾಜಿಸುವ ಅಂಕಗಳು ಒಂದಿಷ್ಟೂ ಬದಲಾಗುವುದಿಲ್ಲ.

ಗುಂಪುಗಳ ಗಾತ್ರವನ್ನೂ ಮೊದಲೇ ಎಣಿಸುತ್ತೇನೆ. ಸಾವಿರ ಸಾಲುಗಳು 500–500 ಆಗಿದ್ದರೆ ಅಂತರದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಸುಮಾರು 0.063 ಸಿಗ್ಮಾ (ಸಿಗ್ಮಾ ಎಂದರೆ ರೆಸಿಡ್ಯುಯಲ್‌ಗಳ ಸ್ಟ್ಯಾಂಡರ್ಡ್ ಡೀವಿಯೇಷನ್), ‘ಹೌದು’ ಬರೀ 20 ಇದ್ದರೆ 0.226 ಸಿಗ್ಮಾ. ಸಾಲುಗಳು ಸಾವಿರ ಇದ್ದರೂ ನಿಖರತೆಯನ್ನು ತೀರ್ಮಾನಿಸುವುದು ಆ ಇಪ್ಪತ್ತೇ. ಎರಡು ಗುಂಪುಗಳ ಹರಡುವಿಕೆಯಲ್ಲೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಹರಡುವಿಕೆ ಸಮಾನ ಎಂದು ಹಿಡಿಯದೆ ಲೆಕ್ಕ ಹಾಕುವ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್, ಅದರಲ್ಲೂ ಎಚ್‌ಸಿ3 ಎಂಬ ಬಗೆಯನ್ನು, ಬಳಸುತ್ತೇನೆ.