ಸರ್ಟಿಫಿಕೇಟ್ ಆಮೇಲೆ, ಮೊದಲು ನಿಮ್ಮದೇ ರೆಕಾರ್ಡಿಂಗ್ ಕೇಳಿ

ಸಮೀಕ್ಷೆ, ಸಂದರ್ಶನ, ಗುಂಪು ಚರ್ಚೆ ಅಂತ ಜನರ ಬದುಕಿನ ಬಗ್ಗೆ ಕೇಳಿ ಬರೆಯುವ ಕೆಲಸಕ್ಕೆ ಸೇರುವವರು ಸಾಮಾನ್ಯವಾಗಿ ಪದವಿ ಮುಗಿಸಿ ಬಂದಿರುತ್ತಾರೆ. ಸ್ಯಾಂಪಲ್ ಎಂದರೇನು, ಸರಾಸರಿ ಎಂದರೇನು ಎಂಬುದು ಗೊತ್ತಿರುತ್ತದೆ. ಕೆಲಸಕ್ಕೆ ಇಳಿದ ಮೇಲೆ ಎದುರಾಗುವ ಪ್ರಶ್ನೆಗಳೇ ಬೇರೆ. ಕೇಳಿದ್ದನ್ನು ಜನ ಬೇರೆ ರೀತಿ ಅರ್ಥ ಮಾಡಿಕೊಂಡರೆ? ಬಾಗಿಲೇ ತೆರೆಯದ ಮನೆಗಳನ್ನು ಏನು ಮಾಡುವುದು? ಆಗ ತರಬೇತಿ ನೆನಪಾಗುತ್ತದೆ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ, ಸರ್ಟಿಫಿಕೇಟ್ ತಂದು, ತಿಂಗಳೊಳಗೆ ಎಲ್ಲ ಮರೆಯುವವರೇ ಜಾಸ್ತಿ. ಕಾರ್ಯಾಗಾರ ಕೆಟ್ಟದ್ದು ಅಂತಲ್ಲ. ಅದರ ಹಿಂದೆ ಮುಂದೆ ಮಾಡಬೇಕಾದ ಕೆಲಸವನ್ನು ಯಾರೂ ಮಾಡುವುದಿಲ್ಲ, ಅಷ್ಟೇ.

ಹಂತ 1: ಎಲ್ಲಿ ಎಡವುತ್ತೀರಿ, ನೋಡಿಕೊಳ್ಳಿ

ನೀವು ಕೊನೆಯದಾಗಿ ಮುಗಿಸಿದ ಪ್ರಾಜೆಕ್ಟ್ ಒಂದನ್ನು ತೆಗೆದುಕೊಳ್ಳಿ. ಯೋಜನೆ, ಒಪ್ಪಿಗೆ ಪತ್ರ, ಸ್ಯಾಂಪಲ್, ಪ್ರಶ್ನಾವಳಿ, ಫೀಲ್ಡ್ ಕೆಲಸ, ಡೇಟಾದಲ್ಲಿನ ತಪ್ಪು ಸರಿಪಡಿಸುವುದು, ವಿಶ್ಲೇಷಣೆ, ವರದಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ‘ನಾನೇ ಮಾಡಿದೆ’, ‘ಕೇಳಿಕೊಂಡು ಮಾಡಿದೆ’, ‘ಬೇರೆಯವರು ಮಾಡಿದರು’ ಎಂಬ ಮೂರರಲ್ಲಿ ಒಂದನ್ನು ಹಾಕಿ. ಐದಾರು ವರ್ಷ ಅನುಭವ ಇರುವವರಿಗೂ ‘ಬೇರೆಯವರು ಮಾಡಿದರು’ ಎನ್ನುವ ಪಟ್ಟಿ ಉದ್ದವಾಗಿಯೇ ಇರುತ್ತದೆ.

ಅದೆಲ್ಲವನ್ನೂ ಕಲಿಯಬೇಕಿಲ್ಲ. ಮುಂದಿನ ಪ್ರಾಜೆಕ್ಟ್‌ನಲ್ಲಿ ಖಂಡಿತ ಬೇಕಾಗುವ ಒಂದನ್ನು ಮಾತ್ರ ಆರಿಸಿ. ಎಲ್ಲರೂ ಮಾತಾಡುತ್ತಿದ್ದಾರೆ ಅಂತ ಸುಮ್ನೆ ಹೊಸ ಸಾಫ್ಟ್‌ವೇರ್ ಹಿಂದೆ ಹೋಗಬೇಡಿ. ಕೆಲವೇ ವಾರಗಳಲ್ಲಿ ಕೈಗೆ ಕೆಲಸ ಸಿಗದಿದ್ದರೆ ಕಲಿತದ್ದು ನಿಲ್ಲುವುದಿಲ್ಲ.

ಹಂತ 2: ಪ್ರಶ್ನೆಯನ್ನು ಜನರ ಮುಂದಿಟ್ಟು ನೋಡಿ

ಪದಗಳು ಎಷ್ಟು ಆಟ ಆಡಿಸುತ್ತವೆ ಎನ್ನುವುದಕ್ಕೆ ಹಳೆಯ ಉದಾಹರಣೆ ಇದೆ. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡುವುದನ್ನು ‘ನಿಷೇಧಿಸಬೇಕೇ’ ಎಂದು ಅಮೆರಿಕದಲ್ಲಿ ಒಂದು ಗುಂಪಿಗೆ ಕೇಳಿದರು. ಇನ್ನೊಂದು ಗುಂಪಿಗೆ ‘ಅವಕಾಶ ಕೊಡಬೇಕೇ’ ಎಂದು ಕೇಳಿದರು. ನಿಷೇಧಿಸಬೇಕು ಎಂದವರು ಶೇ 46. ಅವಕಾಶ ಕೊಡಬಾರದು ಎಂದವರು ಶೇ 62. 1941ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರಶ್ನಾವಳಿ ಪಾಠಗಳಲ್ಲಿ ಇವತ್ತಿಗೂ ಹೇಳುತ್ತಾರೆ.

ಇದನ್ನು ಓದಿ ತಲೆಯಾಡಿಸಿದರೆ ಪ್ರಯೋಜನ ಇಲ್ಲ. ನಿಮ್ಮದೇ ಒಂದು ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿ. ‘ಕಳೆದ ವಾರ ಎಷ್ಟು ಗಂಟೆ ಕೆಲಸ ಮಾಡಿದಿರಿ?’ ಎನ್ನುವುದು ಸರಳವಾಗಿಯೇ ಕಾಣುತ್ತದೆ, ಅಲ್ವಾ? ಇದನ್ನು ಒಬ್ಬರಿಗೆ ಕೇಳಿ. ಉತ್ತರ ಹೇಳುವಾಗ ಮನಸ್ಸಿನಲ್ಲಿ ಏನು ಓಡುತ್ತಿದೆಯೋ ಅದನ್ನೂ ಜೋರಾಗಿ ಹೇಳಲು ಕೋರಿ. ‘ಕಳೆದ ವಾರ ಅಂದ್ರೆ ಭಾನುವಾರದವರೆಗಾ, ಇಲ್ಲ ನಿನ್ನೆವರೆಗಾ? ಮನೆಯಲ್ಲಿ ಅಡುಗೆ ಮಾಡಿದ್ದು ಸೇರುತ್ತಾ? ಹೋಗಿ ಬರೋ ಸಮಯ?’ ಒಂದೇ ಪ್ರಶ್ನೆಯೊಳಗೆ ಮೂರು ಗೊಂದಲ ಹೊರಬಿದ್ದವು. 1980ರ ದಶಕದಲ್ಲಿ ಸಮೀಕ್ಷೆ ಮಾಡುವವರು ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಈ ವಿಧಾನವನ್ನು ರೂಢಿಗೆ ತಂದರು. ಇದಕ್ಕೆ ದೊಡ್ಡ ಸ್ಯಾಂಪಲ್ ಬೇಡ. ವಯಸ್ಸು, ಓದು, ಕೆಲಸ ಬೇರೆಬೇರೆ ಇರುವ ಹತ್ತು ಜನರ ಹತ್ತಿರ ಕೂತರೆ ದೊಡ್ಡ ತೊಡಕುಗಳು ಹೆಚ್ಚುಕಮ್ಮಿ ಗೊತ್ತಾಗುತ್ತವೆ.

‘ಸಂಬಳ ಮತ್ತು ರಜೆ ನಿಮಗೆ ತೃಪ್ತಿಕರವೇ?’ ಎಂಬಂಥ ಎರಡು ತಲೆಯ ಪ್ರಶ್ನೆಗಳೂ ಇದರಲ್ಲೇ ಸಿಕ್ಕಿಬೀಳುತ್ತವೆ. ಸಂಬಳ ಪರವಾಗಿಲ್ಲ, ರಜೆ ಸಾಲದು ಎನ್ನುವವರು ಏನು ಹೇಳಬೇಕು?

ಹಂತ 3: ನಿಮ್ಮ ಸಂದರ್ಶನವನ್ನು ನೀವೇ ಕೇಳಿ

ನನ್ನ ಲೆಕ್ಕದಲ್ಲಿ ಯಾವ ಕೋರ್ಸ್‌ಗಿಂತಲೂ ಹೆಚ್ಚು ಕಲಿಸುವುದು ಇದು. ಕೇಳಲು ಮುಜುಗರ ಆಗುತ್ತದೆ, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಒಂದು ಗಂಟೆಯ ರೆಕಾರ್ಡಿಂಗ್ ಬರೆದುಕೊಳ್ಳಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಈಗ ಸಾಫ್ಟ್‌ವೇರ್ ಅದನ್ನು ಕೆಲವೇ ನಿಮಿಷದಲ್ಲಿ ಮಾಡಿಕೊಡುತ್ತದೆ. ಆದರೂ ಮೊದಲ ಎರಡು ಮೂರನ್ನು ಕೈಯಾರೆ ಬರೆಯಿರಿ. ಇಂಥ ತುಣುಕುಗಳು ಕಣ್ಣಿಗೆ ಬೀಳುತ್ತವೆ:

‘ಕೆಲಸ ಬಿಟ್ಟಾಗ ಕಷ್ಟ ಆಯ್ತಾ?’
‘ಹೂಂ... ಆಯ್ತು.’
‘ದುಡ್ಡಿಂದು, ಅಲ್ವಾ?’
‘ಹೂಂ.’

ಇಲ್ಲಿ ಉತ್ತರ ಕೊಟ್ಟವರು ಯಾರು? ಕಷ್ಟ, ದುಡ್ಡು ಎರಡನ್ನೂ ಎತ್ತಿದ್ದು ಕೇಳಿದವರೇ. ಎದುರಿದ್ದವರು ಬರೀ ಹೂಂಗುಟ್ಟಿದ್ದಾರೆ. ಆ ಮೊದಲ ‘ಹೂಂ’ ಆದಮೇಲೆ ಬಂದ ಚಿಕ್ಕ ತಡೆಯಲ್ಲಿ ಇನ್ನೇನೋ ಇತ್ತು, ಅದು ಕೈತಪ್ಪಿತು. ‘ಕೆಲಸ ಬಿಟ್ಟ ಆ ದಿನದ ಬಗ್ಗೆ ಹೇಳಿ’ ಎಂದು ಕೇಳಿ ಬಾಯಿ ಮುಚ್ಚಿಕೊಂಡಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು.

ಕೇಳುವಾಗ ಮೂರನ್ನು ಗುರುತು ಹಾಕಿ. ಎಲ್ಲೆಲ್ಲಿ ಉತ್ತರವನ್ನು ನೀವೇ ಬಾಯಿಗಿಟ್ಟಿರಿ, ಎಲ್ಲಿ ಮಾತು ತುಂಡರಿಸಿದಿರಿ, ಎಲ್ಲಿ ಮೌನವನ್ನು ತಾಳಲಾರದೆ ಮುಂದಿನ ಪ್ರಶ್ನೆಗೆ ಹಾರಿದಿರಿ. ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹತ್ತು ನಿಮಿಷದ ಭಾಗ ಕೇಳಿಸಿ. ಆದರೆ ತಂಡದ ಬೇರೆಯವರು ಕೇಳುತ್ತಾರೆ ಎಂದು ಒಪ್ಪಿಗೆ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿಸುವ ಹಾಗಿಲ್ಲ.

ಹಂತ 4: ಲೆಕ್ಕಕ್ಕೆ ಹೆದರಬೇಡಿ

1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳು ಹೆಚ್ಚಾಗಿ ಫೋನು, ಕಾರು ಇದ್ದವರದ್ದು. ಅದರಲ್ಲೂ ಉತ್ತರಿಸಿದವರು ಒಂದು ಕಡೆಗೆ ವಾಲಿದ್ದವರು. ಸ್ಯಾಂಪಲ್ ದೊಡ್ಡದಾದರೆ ಸಾಕು ಎನ್ನುವವರಿಗೆ ಈ ಕತೆ ಹೇಳಿ.

ಲಾಟರಿಯಂತೆ ಎತ್ತಿದ 1,000 ಜನರ ಸ್ಯಾಂಪಲ್‌ನಲ್ಲಿ ಶೇಕಡಾವಾರು ಅಂಕಿ ನಿಜವಾದ ಅಂಕಿಗಿಂತ ಸುಮಾರು 3 ಅಂಶ ಆಚೀಚೆ ಇರಬಹುದು. ಆ ವ್ಯತ್ಯಾಸವನ್ನು ಅರ್ಧಕ್ಕೆ ಇಳಿಸಬೇಕಾದರೆ 2,000 ಸಾಲದು, 4,000 ಬೇಕು. ಇಂಥ ನಾಲ್ಕೈದು ವಿಷಯ ಗಟ್ಟಿಯಾದರೆ ಅಂಕಿಅಂಶ ಪರಿಣತರ ಜೊತೆ ಕೂತು ಮಾತಾಡಲು ಧೈರ್ಯ ಬರುತ್ತದೆ.

ಅಭ್ಯಾಸಕ್ಕೆ ಒಂದು ಒಳ್ಳೆಯ ದಾರಿ ಇದೆ. ಹಲವು ದೇಶಗಳ ಜನರ ಮೌಲ್ಯ, ನಂಬಿಕೆಗಳ ಬಗ್ಗೆ 1981ರಿಂದ ನಡೆಯುತ್ತಿರುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯ ಡೇಟಾ ಉಚಿತವಾಗಿ ಸಿಗುತ್ತದೆ. ಅದನ್ನು ಬಳಸಿ ಯಾರೋ ಪ್ರಕಟಿಸಿದ ಒಂದು ಕೋಷ್ಟಕ ಹುಡುಕಿ, ಅದೇ ಅಂಕಿ ನಿಮಗೂ ಬರುತ್ತದಾ ನೋಡಿ. ಮೊದಲ ಸಲ ಬರುವುದು ಅಪರೂಪ. ತೂಕದ ಅಂಕಿ (ಸ್ಯಾಂಪಲ್‌ನಲ್ಲಿ ಕಡಿಮೆ ಸಿಕ್ಕ ಗುಂಪಿನವರ ಉತ್ತರಕ್ಕೆ ಹೆಚ್ಚು ಬೆಲೆ ಕೊಡುವ ಅಂಕಿ) ಹಾಕಿಲ್ಲವೋ, ‘ಗೊತ್ತಿಲ್ಲ’ ಎಂದವರನ್ನು ಲೆಕ್ಕದಲ್ಲಿ ಬಿಟ್ಟಿದ್ದಾರೋ ಎಂದು ಹುಡುಕುತ್ತಾ ಹೋಗುವುದೇ ಪಾಠ. ಸಾಫ್ಟ್‌ವೇರ್ ಯಾವುದಾದರೂ ಆಗಲಿ. ಅಂಕಿಅಂಶದ ಲೆಕ್ಕ ಮಾಡುವ ‘ಆರ್’ ಉಚಿತ. ಮೌಸ್ ಒತ್ತಿ ಕೆಲಸ ಮಾಡುವುದನ್ನು ಬಿಟ್ಟು ಪ್ರತಿ ಹೆಜ್ಜೆಯನ್ನೂ ಕೋಡ್‌ನಲ್ಲಿ ಬರೆದಿಡಿ. ಆರು ತಿಂಗಳ ನಂತರ ‘ಈ ಅಂಕಿ ಎಲ್ಲಿಂದ ಬಂತು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಸಂದರ್ಶನಗಳ ವಿಶ್ಲೇಷಣೆಗೂ ಇಂಥದ್ದೇ ಅಭ್ಯಾಸ ಇದೆ. ಬರೆದುಕೊಂಡ ಸಂದರ್ಶನದ ಅದೇ ಮೂರು ಪುಟಗಳಿಗೆ ಇಬ್ಬರು ಬೇರೆಬೇರೆ ಕೂತು ಕೋಡ್ ಹಾಕಿ, ಅಂದರೆ ಪ್ರತಿ ಮಾತು ಯಾವ ವಿಷಯದ್ದು ಎಂದು ಗುರುತು ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಜಗಳ ಮಾಡಿ.

ಹಂತ 5: ನೈತಿಕತೆ ಬರೀ ಫಾರಂ ಅಲ್ಲ

ಜನರ ಮೇಲೆ ಸಂಶೋಧನೆ ಮಾಡುವಾಗ ಪಾಲಿಸಬೇಕಾದ ನೀತಿಯ ಬಗ್ಗೆ ಅಮೆರಿಕದ 1979ರ ಬೆಲ್ಮಾಂಟ್ ವರದಿ ಹೇಳಿದ್ದು ಮೂರು: ವ್ಯಕ್ತಿಗೆ ಗೌರವ, ಒಳಿತು, ನ್ಯಾಯ. ಇದನ್ನು ಬಾಯಿಪಾಠ ಮಾಡುವುದು ಸುಲಭ. ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ ಎನ್ನುವುದು ಮನಸ್ಸಿಗೆ ಇಳಿಯಲು ಸಮಯ ಬೇಕು. ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಬಹುಶಃ ಗುರುತಿಸಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ 2000ದಲ್ಲಿ ತೋರಿಸಿದರು. ನಿಮ್ಮ ಹಳೆಯ ವರದಿಯಲ್ಲಿ ಜನರ ಮಾತು ಉಲ್ಲೇಖಿಸಿದ ಕಡೆಯೆಲ್ಲ ಒಮ್ಮೆ ಓದಿ. ‘ಮುಖ್ಯೋಪಾಧ್ಯಾಯಿನಿ, 52 ವರ್ಷ, ಚಿಕ್ಕ ಶಾಲೆ’ ಎಂದಿದ್ದರೆ ಅದೇ ಶಾಲೆಯ ಶಿಕ್ಷಕರಿಗೆ ಅದು ಯಾರೆಂದು ಗೊತ್ತಾಗದೇ ಇರುತ್ತದಾ?

ಹಂತ 6: ಕೋರ್ಸ್ ಆಯ್ಕೆ

ಈಗ ಕೋರ್ಸ್ ಹುಡುಕಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಮಾಜ ಸಂಶೋಧನೆಯ ಡೇಟಾ ಕೂಡಿಡುವ ಐಸಿಪಿಎಸ್‌ಆರ್ ಸಂಸ್ಥೆಯ ಬೇಸಿಗೆ ತರಗತಿಗಳು 1963ರಿಂದ, ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1968ರಿಂದ ನಡೆಯುತ್ತಿವೆ. ಚಿಕ್ಕ ಆನ್‌ಲೈನ್ ತರಗತಿಗಳಿಗಂತೂ ಲೆಕ್ಕವಿಲ್ಲ. ದುಡ್ಡು ಕಟ್ಟುವ ಮೊದಲು ಸಂಘಟಕರನ್ನು ಕೇಳಿ: ಒಟ್ಟು ಸಮಯದಲ್ಲಿ ನಾವು ಕೈಯಾರೆ ಮಾಡುವುದು ಎಷ್ಟು? ನಮ್ಮದೇ ಪ್ರಶ್ನಾವಳಿ, ಡೇಟಾ ತರಬಹುದಾ? ಮಾಡಿದ್ದನ್ನು ಯಾರಾದರೂ ನೋಡಿ ತಿದ್ದುತ್ತಾರಾ? ಮೂರಕ್ಕೂ ಸರಿಯಾದ ಉತ್ತರ ಬರದಿದ್ದರೆ ಅದು ಭಾಷಣ. ಅದನ್ನು ಮನೆಯಲ್ಲೇ ವಿಡಿಯೊ ನೋಡಿ ಕಲಿಯಬಹುದು.

ಕಚೇರಿ ಶುಲ್ಕ ಕೊಡುತ್ತದೆ ಎಂದಾದರೆ ಜೊತೆಗೆ ಇನ್ನೊಂದನ್ನು ಕೇಳಿ. ಕೋರ್ಸ್ ಮುಗಿದ ವಾರದೊಳಗೆ ತಂಡದವರಿಗೆ ಕಲಿತದ್ದನ್ನು ಹೇಳಿಕೊಡಲು ಅರ್ಧ ಗಂಟೆ. ಹೆಸರು ನೋಂದಾಯಿಸುವ ದಿನವೇ ಅದನ್ನು ಎಲ್ಲರ ಕ್ಯಾಲೆಂಡರ್‌ನಲ್ಲಿ ಹಾಕಿಸಿಬಿಡಿ.