ಟೀ ಬಣ್ಣದ ವೈಟ್‌ವಾಲ್ ಮತ್ತೆ ಬಿಳಿಯಾದದ್ದು

ನನ್ನ ಹಳೇ ಕಾರಿನ ನಾಲ್ಕೂ ವೈಟ್‌ವಾಲ್, ಅಂದರೆ ಪಕ್ಕದಲ್ಲಿ ಬಿಳಿ ರಬ್ಬರಿನ ಪಟ್ಟಿ ಇರುವ ಟೈರುಗಳು, ಟೀ ಬಣ್ಣಕ್ಕೆ ತಿರುಗಿದ್ದವು. ನೋಡಿದವರದ್ದೆಲ್ಲ ಒಂದೇ ಮಾತು: "ಹೊಸ ಸೆಟ್ ಹಾಕ್ಸು, ಇದರ ಕಥೆ ಮುಗೀತು." ಹೇಳೋದು ಸುಲಭ. ವೈಟ್‌ವಾಲ್ ಸೆಟ್ಟಿಗೆ ಎಷ್ಟು ದುಡ್ಡು ಬಿಡುತ್ತದೆ ಅಂತ ನಿಮಗೆ ಗೊತ್ತೇ ಇದೆ. ಟ್ರೆಡ್ ಇನ್ನೂ ಮುಕ್ಕಾಲು ಪಾಲು ಇತ್ತು. ಟೈರಿನ ಮೇಲೆ ತಯಾರಾದ ದಿನ ಹೇಳುವ ಡೇಟ್ ಕೋಡ್ ನೋಡಿದರೆ ನಾಲ್ಕೇ ವರ್ಷ. ಬಿಸಾಡಲು ಮನಸ್ಸು ಬರಲಿಲ್ಲ.

ಮೊದಲು ಬ್ಲೀಚ್ ಹಾಕಿದೆ. ಆ ದಿನ ಹಾಲಿನಂಥ ಬಿಳಿ, ಬೀಗಿದ್ದೇ ಬೀಗಿದ್ದು. ಸುಮಾರು ಆರು ತಿಂಗಳಿಗೆ ಒಂದು ಟೈರಿನ ರಬ್ಬರ್ ಒಣಗಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಆಮೇಲೆ ವೈರ್ ಬ್ರಷ್. ಅದು ಮಾಡಿದ ಗೀರುಗಳಲ್ಲೇ ಕೊಳೆ ಹೋಗಿ ಕೂತಿತು. ಕೊನೆಗೆ ಬಿಳಿ ರಬ್ಬರ್ ಪೇಂಟ್. ಟೈರ್ ಬಾಗುವ ಕಡೆಯೆಲ್ಲ ಸಿಪ್ಪೆ ಎದ್ದಿತು, ಅದನ್ನು ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ಖಾಲಿ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು ಲೆಕ್ಕ ಹಾಕಿದೆ. ಅರ್ಧ ಹೊಸ ಟೈರಿನ ದುಡ್ಡು ಚರಂಡಿಗೆ ಹೋಗಿತ್ತು!

ಕಳ್ಳ ಇದ್ದದ್ದು ಪಕ್ಕದಲ್ಲೇ. ಕಪ್ಪು ಭಾಗ ಮಿರಮಿರ ಮಿಂಚಲಿ ಅಂತ ನಾನೇ ತಿಂಗಳು ತಿಂಗಳು ಟೈರ್ ಪಾಲಿಶ್ ಬಳಿಯುತ್ತಿದ್ದೆ. ಚಕ್ರ ತಿರುಗಿದಾಗ ಅದೇ ಎಣ್ಣೆ ಬಿಳಿ ಪಟ್ಟಿಗೆ ಹರಡಿ ಹಳದಿ ಮಾಡುತ್ತಿತ್ತು. ಜೊತೆಗೆ, ಬಿರುಕು ಬಿಡದಿರಲಿ ಅಂತ ಕಪ್ಪು ರಬ್ಬರಿಗೆ ಸೇರಿಸಿದ ರಾಸಾಯನಿಕ ಮೆಲ್ಲಗೆ ಮೇಲೆ ಬಂದು ಕಂದು ಕಲೆ ಬಿಡುತ್ತದೆ. ಬಿಳಿಯನ್ನಷ್ಟೇ ತಿಕ್ಕಿದರೆ ಪ್ರಯೋಜನ ಇಲ್ಲ.

ಹಾಗಾಗಿ ಕಪ್ಪಿನಿಂದಲೇ ಶುರು ಮಾಡಿದೆ. ನೊರೆ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಸೋಪು ಹಾಕಿ ತಿಕ್ಕಿದೆ. ಮೂರು ನಾಲ್ಕು ಸಲ ಬೇಕಾಯಿತು. ಆಮೇಲೆ ಬಿಳಿ. ನೆರಳಲ್ಲಿ, ಟೈರ್ ತಣ್ಣಗಿರುವಾಗ, ಉಗುರುಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಸೋಪು ತುಂಬಿದ ನಯವಾದ ಸ್ಟೀಲ್ ಪ್ಯಾಡ್. ಒಂದು ಸಲಕ್ಕೆ ಕಾಲು ಭಾಗ ಮಾತ್ರ. ಕೈ ಹಗುರ ಇರಲಿ, ನೊರೆ ಒಣಗುವ ಮೊದಲೇ ನೀರು ಬಿಡಿ. ಒಂದು ಟೈರಿಗೆ ಇಪ್ಪತ್ತು ನಿಮಿಷ ಹಿಡಿದಿರಬಹುದು. ಬಕೆಟ್ಟಿಗೆ ಇನ್ನೊಂದು ಸಾಮಾನೂ ಬೀಳುತ್ತದೆ. ಅದು ನನ್ನ ಹತ್ತಿರವೇ ಇರಲಿ ಬಿಡಿ.

ಮೊಂಡು ಕಲೆಗೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ನೀರು ಹರಿಯುತ್ತಿರುವಾಗಲೇ ನಾಲ್ಕೈದು ಸಲ ಆಡಿಸಿ ನಿಲ್ಲಿಸಿ. ಬಿಳಿ ರಬ್ಬರಿನ ಪದರ ತೆಳ್ಳಗಿರುತ್ತದೆ, ಕೆಳಗಿನ ಕಪ್ಪು ಕಂಡರೆ ಮದ್ದಿಲ್ಲ. ನಾನು ಸ್ಟೆಪ್ನಿಯ ಮೇಲೆ ಅದಕ್ಕಿಂತ ಒರಟಾದ 220 ನಂಬರಿನದು ಹಿಡಿದು ಆಡಿಸಿದ್ದೆ. ನಾಲ್ಕಾಣೆಯಷ್ಟು ಅಗಲದ ಕಪ್ಪು ಬೊಟ್ಟು ಈಗಲೂ ಇದೆ.

ಸ್ಟೆಪ್ನಿ ಹೇಗೂ ಕೆಟ್ಟಿತ್ತಲ್ಲ, ಸೀಮೆಸುಣ್ಣದಲ್ಲಿ ಭಾಗ ಮಾಡಿ ಬೇರೆ ಪರೀಕ್ಷೆಗಳನ್ನೂ ಮಾಡಿದೆ. ಟೂತ್‌ಪೇಸ್ಟ್‌ನಿಂದ ಪರಿಮಳ ಬಂತು, ಅಷ್ಟೇ. ಅಡುಗೆ ಸೋಡಾ ಪರವಾಗಿಲ್ಲ, ಆದರೆ ಸುಮ್ನೆ ತೋಳು ನೋವು. ಕಲೆ ಅಳಿಸುವ ಬಿಳಿ ಮೆಲಮೈನ್ ಸ್ಪಂಜು ಫುಟ್‌ಪಾತಿಗೆ ಉಜ್ಜಿದ ಕಪ್ಪು ಗೆರೆಗಳನ್ನು ಚೆನ್ನಾಗಿ ತೆಗೆಯಿತು. ಆದರೆ ಕೈಯಲ್ಲೇ ಸವೆದು ಪುಡಿಯಾಗುತ್ತದೆ, ಒಂದು ಟೈರಿಗೆ ಎರಡು ಬೇಕು.

ಹೊಸ ಸೆಟ್ ತಂದವರಿಗೆ ಒಂದು ಮಾತು. ಬಿಳಿ ಪಟ್ಟಿಯ ಮೇಲೆ ರಕ್ಷಣೆಗೆಂದು ಬಳಿದ ನೀಲಿ ಲೇಪವನ್ನು ಓಡಿಸುವ ಮೊದಲೇ ಬೆಚ್ಚಗಿನ ಸೋಪು ನೀರಲ್ಲಿ ತೊಳೆಯಿರಿ. ಒಂದರ ಮೇಲೊಂದು ಜೋಡಿಸಿಡುವಾಗ ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು ಎದುರಾಗಿರಲಿ.

ಒಂದು ವರ್ಷ ದಾಟಿತು. ಹದಿನೈದು ದಿನಕ್ಕೊಮ್ಮೆ ಸೋಪು ನೀರು, ಬೇರೇನೂ ಇಲ್ಲ. ಬ್ಲೀಚ್ ಬಿರುಕಿನ ಟೈರೊಂದನ್ನು ಮಾತ್ರ ಬದಲಾಯಿಸಬೇಕಾಯಿತು, ಅದು ನನ್ನದೇ ತಪ್ಪು. "ಕಥೆ ಮುಗೀತು" ಎಂದಿದ್ದ ಗೆಳೆಯ ಮೊನ್ನೆ ತನ್ನ ಕಾರು ತಂದು ನಿಲ್ಲಿಸಿದ. ನಾಲ್ಕೂ ಹಳದಿ. ಕೈಯಲ್ಲಿ ನನಗೆಂದು ತಂದ ಉಡುಗೊರೆ: ಒಂದು ದೊಡ್ಡ ಬಾಟಲಿ ಟೈರ್ ಪಾಲಿಶ್.