ತಲೆಗೆ ಪೆಟ್ಟಾದ ಮೇಲೆ ಒಂದು ಎರಡಾಗಿ ಕಂಡರೆ

ಬೈಪಾಸಿನಲ್ಲಿ ಬೈಕಿನಿಂದ ಬಿದ್ದು, ತಲೆಯ ಹೊಲಿಗೆ ಬಿಚ್ಚಿಸಿಕೊಂಡು ಧಾರವಾಡದ ಮನೆಗೆ ಮರಳಿದವರು ‘ಬರುವ ಚಿಗರಿ ಬಸ್ಸು ಎರಡಾಗಿ ಕಾಣುತ್ತದೆ’ ಎಂದರೆ, ಅದನ್ನು ನಿಶ್ಶಕ್ತಿಯೆಂದು ತಳ್ಳಿಹಾಕಬಾರದು. ಪ್ರತಿ ಕಣ್ಣನ್ನು ಹೊರಳಿಸುವ ಆರು ಸ್ನಾಯುಗಳನ್ನು ಮೂರು ನರಗಳು ನಡೆಸುತ್ತವೆ: ಮಿದುಳಿನಿಂದ ಹೊರಡುವ ನರಗಳ ಎಣಿಕೆಯಲ್ಲಿ ಮೂರನೆಯದು, ನಾಲ್ಕನೆಯದು ಮತ್ತು ಆರನೆಯದು. ಪೆಟ್ಟಿನಿಂದ ಅವುಗಳಲ್ಲೊಂದು ಜಗ್ಗಿದರೂ ಎರಡು ಕಣ್ಣುಗಳ ನೋಟ ಒಂದೆಡೆ ಕೂಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಗಾಯಾಳುವಿನ ಕಣ್ಣಿನ ಪಾಪೆಗಳನ್ನು ನೋಡಿ. ಒಂದು ಪಾಪೆ ಇನ್ನೊಂದಕ್ಕಿಂತ ಹಿಗ್ಗಿದ್ದು, ರೆಪ್ಪೆ ಜೋತುಬಿದ್ದು, ಮಂಪರು ಅಥವಾ ವಾಂತಿ ಇದ್ದರೆ ಮಿದುಳಿನೊಳಗಿನ ಒತ್ತಡ ಮೂರನೆಯ ನರವನ್ನು ಅದುಮುತ್ತಿರಬಹುದು. ಆಗ ಮುಂದಿನ ಪರೀಕ್ಷೆಗಳಿಗೆ ಕೂರದೆ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು.

ಅಂಥ ಲಕ್ಷಣವಿಲ್ಲದಿದ್ದರೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಯಾವುದನ್ನು ಮುಚ್ಚಿದರೂ ಜೋಡಿ ಬಿಂಬ ಮಾಯವಾದರೆ ದೋಷ ಕಣ್ಣುಗಳ ಹೊಂದಾಣಿಕೆಯಲ್ಲಿದೆ. ಒಂದೇ ಕಣ್ಣಿನಲ್ಲಿ ನೋಡುವಾಗಲೂ ಎರಡು ಕಂಡರೆ ಆ ಕಣ್ಣನ್ನೇ ತಪಾಸಣೆ ಮಾಡಿಸಬೇಕು.

ಬಳಿಕ ಬಿಂಬಗಳು ಹೇಗೆ ಕಾಣುತ್ತವೆಂದು ಕೇಳಿ ಬರೆದಿಡಿ. ವೈದ್ಯರಿಗೆ ಸ್ಕ್ಯಾನಿನ ಫಿಲ್ಮಿನಷ್ಟೇ ಬೆಲೆಯ ಚೀಟಿ ಇದು. ಪಕ್ಕಪಕ್ಕದಲ್ಲಿದ್ದು, ದೂರ ನೋಡಿದಷ್ಟೂ ಅಂತರ ಹೆಚ್ಚಿದರೆ ಕಣ್ಣನ್ನು ಹೊರಕ್ಕೆ ಎಳೆಯುವ ಆರನೆಯ ನರದ ಮೇಲೆ ಸಂಶಯ. ಒಂದರ ಮೇಲೊಂದು ಕಂಡು, ಮೆಟ್ಟಿಲಿಳಿಯುವಾಗ ಮತ್ತು ಪತ್ರಿಕೆ ಓದುವಾಗ ಕಾಟ ಹೆಚ್ಚಿದರೆ ಅದು ನಾಲ್ಕನೆಯದು: ತೀರ ತೆಳುವಾದ ಈ ನರ ಮಿದುಳಿನ ಹಿಂಬದಿಯಿಂದ ಹೊರಟು ಬಳಸಿ ಬರುವುದರಿಂದ ಪೆಟ್ಟಿಗೆ ಸುಲಭವಾಗಿ ಸಿಲುಕುತ್ತದೆ. ಇವರು ತಮಗರಿವಿಲ್ಲದೆಯೇ ತಲೆ ವಾಲಿಸಿ ನೋಡುತ್ತಾರೆ. ಮದುವೆಯ ಹಳೆಯ ಫೋಟೊದಲ್ಲೂ ತಲೆ ಹಾಗೆಯೇ ವಾಲಿದ್ದರೆ ತೊಂದರೆ ಹುಟ್ಟಿನಿಂದ ಬಂದದ್ದೂ ಇರಬಹುದು. ಆದ್ದರಿಂದ ಫೋಟೊವನ್ನೂ ಒಯ್ಯಿರಿ.

ನೇತ್ರತಜ್ಞರ ಬಳಿ ಹೋಗುವವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿದರೆ ಎರಡಾಗಿ ಕಾಣುವುದು ನಿಲ್ಲುತ್ತದೆ, ಆದರೆ ದೂರದ ಅಂದಾಜು ತಪ್ಪುವುದರಿಂದ ವಾಹನ ಓಡಿಸುವಂತಿಲ್ಲ. ಮಕ್ಕಳಿಗಾದರೆ ವೈದ್ಯರನ್ನು ಕೇಳದೆ ಪಟ್ಟಿ ಬೇಡ. ಬೆಳಕನ್ನು ಬಾಗಿಸಿ ಎರಡು ಬಿಂಬಗಳನ್ನು ಕೂಡಿಸಲು ಕನ್ನಡಕಕ್ಕೆ ಅಂಟಿಸುವ ಪ್ರಿಸಂ ಹಾಳೆಯೂ ಕೆಲವರಿಗೆ ನೆರವಾಗುತ್ತದೆ.

ನರ ತಾನಾಗಿಯೇ ಚೇತರಿಸಿಕೊಳ್ಳುವುದುಂಟು. ಅದಕ್ಕೆಂದೇ ವೈದ್ಯರು ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯ್ದು, ಮೆಳ್ಳಗಣ್ಣಿನ ಅಳತೆ ಬದಲಾಗದೆ ನಿಂತ ಮೇಲೆ ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಅದರಲ್ಲಿ ಹೊಲಿಯುವುದು ನರವನ್ನಲ್ಲ, ಸ್ನಾಯುವನ್ನು. ನೇರ ನೋಟದಲ್ಲಿ ಮತ್ತು ಓದುವಾಗ ಒಂದೇ ಬಿಂಬ ಕಾಣುವಂತೆ ಮಾಡುವುದು ಅದರ ಗುರಿಯಾದ್ದರಿಂದ, ಓರೆನೋಟದಲ್ಲಿ ಸ್ವಲ್ಪ ಜೋಡಿ ಬಿಂಬ ಉಳಿದರೂ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಅರ್ಥವಲ್ಲ.